ಲ್ಯಾಬ್ ಸಲಹೆಗಾರರ ಹಿತಾಸಕ್ತಿ ಘೋಷಣೆ: ಒಂದು ಸಾಲಿನ ಪತ್ರ ಸಾಕಾಗ್ತದೇನ್ರಿ?

ವರದಾ_ತೀರ
ನಮಸ್ಕಾರ್ರಿ ಎಲ್ಲಾರಿಗೂ. ಹಾವೇರಿ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯ ಉಸ್ತುವಾರಿ ನೋಡೋ ಆರೋಗ್ಯ ರಕ್ಷಾ ಸಮಿತಿಗೆ ಸಂಬಂಧಪಟ್ಟ ಪ್ರಶ್ನೆ. ಲ್ಯಾಬ್ ಸುಧಾರಿಸಬೇಕು ಅಂತ ಠರಾವು ಆಗ್ಯದ. ಯಾವ ಮಷಿನ್ ಬೇಕು, ಸ್ಪೆಸಿಫಿಕೇಶನ್ ಏನಿರಬೇಕು, ಅಂದಾಜು ಖರ್ಚು ಎಷ್ಟು ಅನ್ನೋದನ್ನ ಬರೆದುಕೊಡಾಕ ಹೊರಗಿನ ಸಲಹೆಗಾರರೊಬ್ಬರನ್ನ ತಗೊಳ್ಳೋ ವಿಚಾರ ನಡದದ. ನೇಮಕಾತಿ ಪತ್ರದ ಕರಡಿನಾಗ ಹಿತಾಸಕ್ತಿ ಸಂಘರ್ಷದ ಬಗ್ಗೆ ಇರೋದು ಒಂದ ಸಾಲು: "ಈ ಕೆಲಸದಲ್ಲಿ ನನಗೆ ಯಾವುದೇ ವೈಯಕ್ತಿಕ ಹಿತಾಸಕ್ತಿ ಇರುವುದಿಲ್ಲವೆಂದು ದೃಢೀಕರಿಸುತ್ತೇನೆ." ಇಷ್ಟು ಸಾಕೋ? ಕಾಯ್ದೆಯೊಳಗ ಎಲ್ಲಿ ಏನು ಹೇಳ್ಯದ? ಸಭೆ ಮುಂದಿನ ವಾರ ಅದ.

ಬೆಟಗೇರಿ_ಲೆಕ್ಕಿಗ
ಸಾಕಾಗಂಗಿಲ್ರಿ. ಆ ಸಾಲು ಕಡತಕ್ಕ ಸೇರ್ತದ, ಅಲ್ಲೇ ಉಳೀತದ. ಜನರಲ್ ಫೈನಾನ್ಶಿಯಲ್ ರೂಲ್ಸ್ 2017ರ ನಿಯಮ 175 ನೋಡ್ರಿ. ಅದು ಸಮಗ್ರತಾ ಸಂಹಿತೆ. ಲಂಚ, ಒಳಒಪ್ಪಂದ, ದಾಖಲೆ ತಿದ್ದೋದು ಇವೆಲ್ಲಾ ನಿಷೇಧ ಅಂದಮ್ಯಾಲ, ಹಿತಾಸಕ್ತಿ ಸಂಘರ್ಷ ಬಹಿರಂಗ ಮಾಡಬೇಕು ಅಂತ ಬ್ಯಾರೇನ ಹೇಳ್ಯದ. ಟೆಂಡರ್ ಹಾಕಾವ್ರು ಹಿಂದಿನ 3 ವರ್ಷದಾಗ ಸಂಹಿತೆ ಮುರಿದಿದ್ರ ಅಥವಾ ಎಲ್ಲೇ ಕಪ್ಪುಪಟ್ಟಿಗೆ ಬಿದ್ದಿದ್ರ ಅದನ್ನೂ ಹೇಳಬೇಕು.

ಸಪ್ತಾಪುರ_ವಕೀಲ
ಲೆಕ್ಕಿಗರು ಹೇಳಿದ ನಿಯಮ ಸರಿ, ಆದರೆ ಅದು ಕೇಂದ್ರ ಸರ್ಕಾರದ ಕಚೇರಿಗಳಿಗೆ. ತಾಲೂಕು ಆಸ್ಪತ್ರೆಯ ಸಮಿತಿಗೆ ನೇರವಾಗಿ ಅನ್ವಯಿಸುವುದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999, ಎಲ್ಲರೂ ಕೆಟಿಪಿಪಿ ಅನ್ನುವುದು, ಮತ್ತು ಅದರ 2000ದ ನಿಯಮಗಳು. ಸಲಹೆಗಾರರು ಏನೇನು ಬಹಿರಂಗಪಡಿಸಬೇಕು ಎಂಬ ವಿವರವನ್ನು ನೀವು ನೇಮಕಾತಿ ಕರಾರಿನಲ್ಲೇ ಬರೆಯಬೇಕು. 175ನ್ನು ಮಾದರಿಯಾಗಿ ಇಟ್ಟುಕೊಳ್ಳಿ, ಆದರೆ "ನಿಯಮ 175ರಂತೆ" ಎಂದು ಆದೇಶದಲ್ಲಿ ಬರೆದು ಕೈ ತೊಳೆದುಕೊಳ್ಳಬೇಡಿ. ನಾಳೆ ಯಾರಾದರೂ ಪ್ರಶ್ನಿಸಿದರೆ ಮೊದಲ ಆಕ್ಷೇಪಣೆಯೇ ಅದಾಗುತ್ತದೆ.

ಕರಾರಿನಲ್ಲಿ ಯಾಕೆ ಬರೆಯಲೇಬೇಕು ಅಂದರೆ, ಭಾರತೀಯ ಕರಾರು ಅಧಿನಿಯಮ 1872ರ 17ನೇ ಕಲಮಿನ ವಿವರಣೆಯಂತೆ ಸುಮ್ಮನಿರುವುದು ತಾನಾಗಿಯೇ ವಂಚನೆ ಆಗುವುದಿಲ್ಲ. ಮಾತಾಡುವ ಕರ್ತವ್ಯ ಇದ್ದು ಮಾತಾಡದಿದ್ದರೆ ಮಾತ್ರ ವಂಚನೆ. ಏನೇನು ಹೇಳಬೇಕು ಎಂದು ಕರಾರು ಸ್ಪಷ್ಟವಾಗಿ ಕೇಳಿದಾಗ ಆ ಕರ್ತವ್ಯ ಹುಟ್ಟುತ್ತದೆ. ನಿಮ್ಮ ಒಂದು ಸಾಲು ಯಾವ ಸಂಗತಿಯನ್ನೂ ಕೇಳಿಲ್ಲ. ಮುಂದೆ ಸಂಬಂಧ ಬಯಲಾದರೂ "ಅದನ್ನು ನಾನು ಹಿತಾಸಕ್ತಿ ಅಂದುಕೊಂಡಿರಲಿಲ್ಲ" ಎಂದು ಅವರು ಹೇಳಿದರೆ ಮುಗಿಯಿತು.

ಬೆಟಗೇರಿ_ಲೆಕ್ಕಿಗ
ವಕೀಲ್ರ ಮಾತು ಒಪ್ಪಿದೆ. ಆದ್ರ ಕೇಂದ್ರ ವೆಚ್ಚ ಇಲಾಖೆಯ ಸಲಹಾ ಸೇವೆಗಳ ಸಂಗ್ರಹಣೆ ಕೈಪಿಡಿಯೊಳಗ ಮೂರು ನಮೂನಿ ಸಂಘರ್ಷ ಬರದಾರ, ಅದನ್ನ ಬಿಡಬ್ಯಾಡ್ರಿ. ಒಂದು, ಸ್ಪೆಸಿಫಿಕೇಶನ್ ಬರೆದವರ ಅಥವಾ ಅವರ ಸೋದರ ಕಂಪನಿನ ಮುಂದ ಮಾಲು ಪೂರೈಸೋದು. ಎರಡು, ನಿಮಗೂ ಸಲಹೆ, ನಿಮಗ ಮಾರಾವ್ರಿಗೂ ಸಲಹೆ. ಮೂರು, ಕಚೇರಿಯೊಳಗ ಕರಡು ಬರೆಯಾವ್ರು ಅಥವಾ ಮೌಲ್ಯಮಾಪನ ಮಾಡಾವ್ರು ಸಲಹೆಗಾರರ ಹತ್ತಿರದ ಸಂಬಂಧಿಕರಾಗಿರೋದು. ಮೊದಲನೇದು ಸುಲಭ ಸಿಕ್ಕಬೀಳ್ತದ, ಮೂರನೇದು ಊರ ಮಂದಿಗೇ ಗೊತ್ತಿರ್ತದ. ಎರಡನೇದು ಕಾಗದದ ಮ್ಯಾಲ ಕಾಣಂಗೇ ಇಲ್ಲ.

ಉಣಕಲ್_ಬಯೋಮೆಡ್
ಎರಡನೇದಕ್ಕ ಲ್ಯಾಬ್‌ಗಿಂತ ಸ್ಪಷ್ಟ ಉದಾಹರಣೆ ಇಲ್ಲ. ಮಷಿನ್ ಬೆಲಿ ನೋಡಿ ಮೋಸ ಹೋಗಬ್ಯಾಡ್ರಿ. ರೊಕ್ಕ ಇರೋದು ಟೆಸ್ಟಿಗೆ ಬಳಸೋ ರಾಸಾಯನಿಕ, ಅಂದ್ರ ರೀಏಜೆಂಟ್‌ನಾಗ. ರಕ್ತಕಣ ಎಣಿಸೋ ಸೆಲ್ ಕೌಂಟರ್ ತಗೋರಿ: ರಕ್ತ ತೆಳು ಮಾಡೋ ಡೈಲ್ಯುಯೆಂಟ್, ಕೆಂಪು ಕಣ ಒಡೆಯೋ ಲೈಸ್, ತೊಳೆಯೋ ಕ್ಲೀನರ್ ಮೂರೂ ಬೇಕು. ಕ್ಲೋಸ್ಡ್ ಸಿಸ್ಟಮ್ ಆಗಿದ್ರ ಬಾಟ್ಲಿ ಮ್ಯಾಲಿನ ಚಿಪ್ ಅಥವಾ ಬಾರ್‌ಕೋಡ್ ಮಷಿನ್ ಓದ್ತದ. ಬ್ಯಾರೆ ಕಂಪನಿ ಬಾಟ್ಲಿ ಇಟ್ರ ಪರದೆ ಮ್ಯಾಲ ದೋಷ ತೋರಿಸಿ ನಿಂತುಬಿಡ್ತದ. ಬಾಟ್ಲಿಯೊಳಗ ಇನ್ನೂ ದ್ರವ ಇದ್ರೂ ಎಣಿಕೆ ಮುಗೀತು ಅಂದ್ರ ಹೊಸದು ಕೇಳ್ತದ.

ಲೆಕ್ಕ ಹಾಕ್ರಿ. ದಿನಕ್ಕ 60 ಟೆಸ್ಟ್, ತಿಂಗಳಿಗೆ 25 ದಿನ ಅಂದ್ರ 1,500. ಟೆಸ್ಟಿಗೆ ಬರೇ 8 ರೂಪಾಯಿ ಹೆಚ್ಚು ಬಿದ್ರೂ ತಿಂಗಳಿಗೆ 12,000, 5 ವರ್ಷಕ್ಕ 7.2 ಲಕ್ಷ. ಸ್ಪೆಸಿಫಿಕೇಶನ್‌ನಾಗ "ಕಂಪನಿಯದೇ ರೀಏಜೆಂಟ್ ಬಳಸತಕ್ಕದ್ದು" ಅಂತ ಒಂದು ಸಾಲು ಸೇರಿಸಿದವ್ರಿಗೆ ಆ ಕಂಪನಿ ಜತಿಗೆ ಏನು ಸಂಬಂಧ ಅದ ಅನ್ನೋದು ಸಮಿತಿಗೆ ಗೊತ್ತಿರಬೇಕೋ ಬ್ಯಾಡೋ?

ಕ್ಲೋಸ್ಡ್ ಸಿಸ್ಟಮ್ ಅಂದ್ರ ಕೆಟ್ಟದ್ದು ಅಂತಲ್ಲ. ಕ್ಯಾಲಿಬ್ರೇಶನ್ ಸ್ಥಿರ ಇರ್ತದ, ರಿಸಲ್ಟ್ ತಪ್ಪಿದ್ರ ಜವಾಬ್ದಾರಿ ಒಬ್ಬರದೇ. ಆದ್ರ ಅದನ್ನ ಆರಿಸೋ ಕಾರಣ ಬರವಣಿಗೆಯೊಳಗ ಬರಬೇಕು, ಬರೆದವ್ರ ಸಂಬಂಧ ಪಕ್ಕದಾಗ ಇರಬೇಕು.

ರಾಣೆಬೆನ್ನೂರು_ಲ್ಯಾಬ್
ಬಯೋಮೆಡ್ ಅಣ್ಣಾರ, ಬಾಟ್ಲಿ ತೆರೆದ ಮ್ಯಾಲಿನ ಅವಧಿನೂ ಸೇರಿಸ್ರಿ. ಡೈಲ್ಯುಯೆಂಟ್ 20 ಲೀಟರ್ ಡಬ್ಬಿ ಬರ್ತದ. ರೋಗಿಗಳು ಕಡಿಮಿ ಇರೋ ಆಸ್ಪತ್ರೆಯೊಳಗ ಡಬ್ಬಿ ಮುಗಿಯೂದ್ರಾಗ ಅವಧಿ ಮುಗಿದಿರ್ತದ. ದಿನಾ ಬೆಳಿಗ್ಗೆ ಮಷಿನ್ ಚಾಲೂ ಮಾಡಿದಾಗ, ಸಂಜೆ ಬಂದ್ ಮಾಡಿದಾಗ ತೊಳಿಯೋಕ ಹೋಗೋ ರೀಏಜೆಂಟ್ ಬ್ಯಾರೆ, ಮಷಿನ್ ಸರಿ ಅದನೋ ಅಂತ ನೋಡಾಕ ಕಂಟ್ರೋಲ್ ಓಡಿಸೋದು ಬ್ಯಾರೆ. "ಪ್ರತಿ ಟೆಸ್ಟಿಗೆ ಇಷ್ಟು" ಅಂತ ಕಂಪನಿ ಕೊಡೋ ಲೆಕ್ಕದಾಗ ಇದ್ಯಾವುದೂ ಇರಂಗಿಲ್ಲ. ವರದಿ ಕೈಗೆ ಕೊಟ್ಟ ಪ್ರತಿ ಟೆಸ್ಟಿಗೆ ಎಷ್ಟು ಬಿತ್ತು ಅಂತ ಕೇಳಬೇಕು.

ಇನ್ನೊಂದು. ಬಿಳಿ ರಕ್ತಕಣ ಮೂರು ಗುಂಪಾಗಿ ಎಣಿಸೋ 3-ಪಾರ್ಟ್ ಮಷಿನ್ ಸಾಕಾಗೋ ಕಡೆ ಐದು ಗುಂಪಿನ 5-ಪಾರ್ಟ್ ಬರದ್ರ ಅದನ್ನೂ ಪ್ರಶ್ನೆ ಮಾಡ್ರಿ. ರೀಏಜೆಂಟ್ ಖರ್ಚು ಏರ್ತದ, ಕಣಗಳನ್ನ ಚುಕ್ಕಿಯಾಗಿ ತೋರಿಸೋ ಸ್ಕ್ಯಾಟರ್ ಗ್ರಾಫ್ ಓದಾಕ ತರಬೇತಿ ಆದವ್ರು ಬೇಕಾಗ್ತದ.

ಕೇಶ್ವಾಪುರ_ಡಾಕ್ಟ್ರು
ಇಲ್ಲಿ ಒಂದು ವ್ಯಾವಹಾರಿಕ ತೊಂದರೆ ಹೇಳಲೇಬೇಕು. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಸೇರಿಸಿದರೂ ಲ್ಯಾಬ್ ಯೋಜನೆ ಬರೆಯಬಲ್ಲ ಅನುಭವಿ ಪೆಥಾಲಜಿಸ್ಟ್, ಬಯೋಕೆಮಿಸ್ಟ್ ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬರೂ ಕಂಪನಿಯ ಕಾರ್ಯಾಗಾರದಲ್ಲಿ ಉಪನ್ಯಾಸ ಕೊಡದೆ, ಪ್ರಾಯೋಜಿತ ಸಮ್ಮೇಳನಕ್ಕೆ ಹೋಗದೆ ಇರುವವರಲ್ಲ. ನೀವು ನಾಲ್ಕು ಪುಟದ ಫಾರ್ಮ್ ಕೊಟ್ಟು ಜಾಲತಾಣದಲ್ಲಿ ಹಾಕುತ್ತೇವೆ ಅಂದರೆ ಬರುವವರು ಯಾರು? ಕಡೆಗೆ ಬೆಂಗಳೂರಿನ ಸಂಸ್ಥೆಯೊಂದು ಬಂದು, ಇಲ್ಲಿನ ರೋಗಿಗಳ ಹೊರೆ ಗೊತ್ತಿಲ್ಲದೆ ದೊಡ್ಡ ಮಷಿನ್ ಬರೆದು ಹೋಗುತ್ತದೆ.

ಮಾಹಿತಿ_ಹಕ್ಕು_ಗದಗ
ಡಾಕ್ಟ್ರೇ, ಬಹಿರಂಗ ಮಾಡಿದ್ರ ಅನರ್ಹ ಅಂತ ಯಾರು ಹೇಳಿದ್ರು? ಹೇಳಿದ ಮ್ಯಾಲ ಏನು ಮಾಡಬೇಕು ಅನ್ನೋದು ಬ್ಯಾರೆ ಹೆಜ್ಜಿ.

ಕೇಶ್ವಾಪುರ_ಡಾಕ್ಟ್ರು
ಕಾಗದದಲ್ಲಿ ಹಾಗಿರುತ್ತದೆ. ಊರಿನಲ್ಲಿ ಹೆಸರು ಪತ್ರಿಕೆಗೆ ಬಂದ ದಿನ "ಕಂಪನಿ ಡಾಕ್ಟ್ರು" ಅಂತ ಮುದ್ರೆ ಬೀಳುತ್ತದೆ. ಅದನ್ನು ಯಾರೂ ಅಳಿಸಿ ಕೊಡುವುದಿಲ್ಲ.

ಸಪ್ತಾಪುರ_ವಕೀಲ
ಡಾಕ್ಟರೇ, ನಿಮ್ಮ ವೃತ್ತಿಯ ನಿಯಮವೇ ಇದನ್ನು ಕೇಳುತ್ತದೆ. ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಾವಳಿಗೆ 2009ರ ಡಿಸೆಂಬರ್‌ನಲ್ಲಿ 6.8 ಸೇರಿಸಿದರು. ವೈದ್ಯರು ಔಷಧಿ ಮತ್ತು ಸಂಬಂಧಿತ ಕಂಪನಿಗಳಿಗೆ ಸಲಹೆಗಾರರಾಗಬಹುದು, ಅಡ್ಡಿಯಿಲ್ಲ. ಆದರೆ ಆ ಸಂಬಂಧ ಪೂರ್ತಿ ಪಾರದರ್ಶಕವಾಗಿ, ಬಹಿರಂಗವಾಗಿ ಇರಬೇಕು ಎಂದು ಅಲ್ಲೇ ಇದೆ. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಾವಳಿ ತಂದು ಅದೇ ತಿಂಗಳಲ್ಲಿ ತಡೆಹಿಡಿಯಿತು, ಹಾಗಾಗಿ 2002ರದ್ದೇ ನಡೆಯುತ್ತಿದೆ. ಸರ್ಕಾರಿ ಕಾಲೇಜಿನ ವೈದ್ಯರು ಸಲಹೆಗಾರರಾಗಿ ಬಂದರೆ ಮೇಲಿಂದ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು 2021 ಕೂಡ ಇವೆ. ಅವರ ಇಲಾಖೆಯ ಅನುಮತಿ ಪತ್ರವನ್ನು ಕಡತದಲ್ಲಿ ಇಡಿ.

ಮಾಳಮಡ್ಡಿ
ಕಂಪನಿ ಮತ್ತ ಡಾಕ್ಟ್ರ ಸಂಬಂಧದ ವಿಷಯ ಬಂತಲ್ಲ, 2024ರ ಮಾರ್ಚಿನಾಗ ಬಂದ ಔಷಧ ಮಾರಾಟ ಸಂಹಿತೆ ಪ್ರಕಾರ ಕಂಪನಿ ಕೊಡೋ ಕ್ಯಾಲೆಂಡರ್, ಡೈರಿಯಂಥಾ ವಸ್ತು ಒಂದೊಂದಕ್ಕ 1,000 ರೂಪಾಯಿ ಮೀರಬಾರದು. ಸುಪ್ರೀಂ ಕೋರ್ಟೂ 2022ರ ಫೆಬ್ರುವರಿಯೊಳಗ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಾಗ ಡಾಕ್ಟ್ರಿಗೆ ಕೊಟ್ಟ ಉಚಿತ ಕೊಡುಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗಂಗಿಲ್ಲ ಅಂತ ಹೇಳ್ಯದ. ಇದು ಎಲ್ಲಾ ಖಾಸಗಿ ಆಸ್ಪತ್ರೆಗೂ ಗೊತ್ತಾಗಬೇಕು. ಅಲ್ಲಿ ಏನು ನಡೀತದ ಅಂತ ಒಂದು ಬ್ಯಾರೆ ಚರ್ಚಾ ಶುರು ಮಾಡೋಣ.

ಬೆಟಗೇರಿ_ಲೆಕ್ಕಿಗ
ಮಾಡ್ರಿ, ಆದ್ರ ಇಲ್ಲಿ ಬ್ಯಾಡ. ಅವ್ರಿಗೆ ಮುಂದಿನ ವಾರ ಸಭೆ ಅದ.

ಉಣಕಲ್_ಬಯೋಮೆಡ್
ವರದಾ_ತೀರ ಅವರ, ಎಲ್ಲಕ್ಕಿಂತ ದೊಡ್ಡ ಮಾತು ಇದು. "ನಿಮಗ ಸಂಘರ್ಷ ಅದ ಏನು?" ಅಂತ ಸಲಹೆಗಾರರನ್ನ ಕೇಳಲೇಬ್ಯಾಡ್ರಿ. ಯಾರ ಹತ್ರ ದುಡ್ಡು ತಗೊಂಡೀರಿ, ಯಾರಿಗೆ ಕೆಲಸ ಮಾಡೀರಿ, ಯಾವಾಗ ಅಂತ ಕೇಳ್ರಿ. ಅದು ಸಂಘರ್ಷ ಹೌದೋ ಅಲ್ಲೋ ಅಂತ ತೀರ್ಮಾನ ಮಾಡೋದು ಸಮಿತಿ ಕೆಲಸ.

ಅಮೆರಿಕಾದಾಗ ಏನಾತು ಅಂತ ನೋಡ್ರಿ. ಮೆಕಿನ್ಸಿ ಅನ್ನೋ ಸಲಹಾ ಸಂಸ್ಥೆ ಅಲ್ಲಿನ ಔಷಧ ನಿಯಂತ್ರಕ ಎಫ್‌ಡಿಎಗೂ ಸಲಹೆ ಕೊಡ್ತಿತ್ತು, ಓಪಿಯಾಯ್ಡ್ ನೋವುಗುಳಿಗೆ ಮಾಡೋ ಪರ್ಡ್ಯೂ ಕಂಪನಿಗೂ ಸಲಹೆ ಕೊಡ್ತಿತ್ತು. 2022ರ ಏಪ್ರಿಲಿನಾಗ ಅಲ್ಲಿನ ಸಂಸತ್ತಿನ ಕೆಳಮನೆಯ ಸಮಿತಿ ವರದಿ ಬಂತು. ಕನಿಷ್ಠ 22 ಮಂದಿ ಸಲಹೆಗಾರರು ಎಫ್‌ಡಿಎಗೂ ಓಪಿಯಾಯ್ಡ್ ಕಂಪನಿಗಳಿಗೂ ಕೆಲಸ ಮಾಡಿದ್ರು, ಕೆಲವರು ಒಂದೇ ಹೊತ್ತಿಗೆ. ಎಫ್‌ಡಿಎ ಆ ಸಂಸ್ಥೆಗೆ 2008ರಿಂದ ಕೊಟ್ಟಿದ್ದು 14 ಕೋಟಿ ಡಾಲರ್‌ಗಿಂತ ಹೆಚ್ಚು. ಸಂಘರ್ಷ ಇದ್ರ ಹೇಳಬೇಕು ಅನ್ನೋ ಷರತ್ತು ಕರಾರಿನೊಳಗ ಇತ್ತು. ಸಂಸ್ಥೆಯ ವಾದ ಏನಂದ್ರ, ಎಫ್‌ಡಿಎಗೆ ಮಾಡಿದ್ದು ಆಡಳಿತ ಸುಧಾರಣೆ ಕೆಲಸ, ಹಂಗಾಗಿ ಸಂಘರ್ಷನ ಇಲ್ಲ ಅಂತ. ತೀರ್ಮಾನ ಅವ್ರ ಕೈಯಾಗ ಬಿಟ್ಟಿದ್ದಕ್ಕ ಹಿಂಗಾತು.

ಮಾಹಿತಿ_ಹಕ್ಕು_ಗದಗ
ನಮ್ಮ ದೇಶದ್ದೂ ಹೇಳ್ರಿ. 2012ರ ಮೇ ತಿಂಗಳಿನಾಗ ಸಂಸದೀಯ ಸ್ಥಾಯಿ ಸಮಿತಿಯ 59ನೇ ವರದಿ ಬಂತು, ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಬಗ್ಗೆ. ಬ್ಯಾರೆ ಬ್ಯಾರೆ ಊರಿನ ತಜ್ಞರು ಹೊಸ ಔಷಧಿ ಪರವಾಗಿ ಕೊಟ್ಟ ಅಭಿಪ್ರಾಯ ಪತ್ರಗಳ ಒಕ್ಕಣೆ ಒಂದೇ ನಮೂನಿ ಇತ್ತು. ಪತ್ರ ಬರೆದದ್ದು ಕಂಪನಿಗಳ ಕಾಣದ ಕೈ, ತಜ್ಞರು ಸಹಿ ಅಷ್ಟೇ ಹಾಕ್ಯಾರ ಅಂತ ಸಮಿತಿ ಹೇಳಿತು. ದಿಲ್ಲಿಯೊಳಗ ಅಂಥಾದ್ದು ನಡೆದದ ಅಂದ್ರ ತಾಲೂಕಿನಾಗ ನಡೆಯಂಗಿಲ್ಲ ಅನ್ನೋಕ ಬರ್ತದೇನು?

ದುರ್ಗದಬೈಲ್_ಸರ್ಜಿಕಲ್ಸ್
ವ್ಯಾಪಾರದವ್ರ ಕಡೆಯಿಂದ ಹೇಳ್ತೀನಿ. ಸ್ಪೆಸಿಫಿಕೇಶನ್ ಬಹಳ ಸಲ ವಿತರಕರ ಕಡೆಯಿಂದ ವರ್ಡ್ ಫೈಲ್ ಆಗಿ ಹೋಗ್ತದ. ಅದೇ ಫೈಲ್ ಸಲಹೆಗಾರರ ಲೆಟರ್‌ಹೆಡ್ ಹಾಕ್ಕೊಂಡು ಆಸ್ಪತ್ರೆಗೆ ಬರ್ತದ. ಫೈಲ್ ಪ್ರಾಪರ್ಟಿಸ್ ತೆರೆದು ಆಥರ್ ಅನ್ನೋ ಕಡೆ ಯಾರ ಹೆಸರದ ನೋಡ್ರಿ. ಸಲಹೆಗಾರರು ಪ್ರಿಂಟ್ ಅಷ್ಟೇ ಕೊಟ್ಟು ಫೈಲ್ ಕೊಡಾಕ ಹಿಂದೇಟು ಹಾಕಿದ್ರ ಅದೂ ಒಂದು ಸೂಚನೆ.

ಇನ್ನ ಸ್ಪೆಸಿಫಿಕೇಶನ್ ಓದಿದ್ರ ಗೊತ್ತಾಗ್ತದ. ಪರದೆ ಕರೆಕ್ಟ್ 10.4 ಇಂಚು, ಪ್ಯಾರಾಮೀಟರ್ 23, ತೂಕ ಇಷ್ಟು ಕೆಜಿ ಮೀರಬಾರದು ಅಂತಿದ್ರ ಅದು ಯಾವುದೋ ಒಂದು ಮಾಡೆಲ್‌ನ ಬ್ರೋಷರ್‌ನಿಂದ ಎತ್ತಿದ್ದು. ರೋಗಿಗೆ ಪರದೆ ಅಳತಿಯಿಂದ ಏನಾಗಬೇಕಾಗ್ಯದ?

ಆದ್ರ ಎಲ್ಲಾ ವಿತರಕರನ್ನೂ ಒಂದೇ ತಕ್ಕಡಿಯಾಗ ಹಾಕಬ್ಯಾಡ್ರಿ. ಪೇಟೆಯೊಳಗ ಏನು ಸಿಗ್ತದ ಅಂತ ಕೇಳದ ಸ್ಪೆಸಿಫಿಕೇಶನ್ ಬರದ್ರ ಯಾರೂ ಟೆಂಡರ್ ಹಾಕಂಗಿಲ್ಲ, ಮರುಟೆಂಡರ್ ಆಗ್ತದ, ಆರು ತಿಂಗಳು ಹೋಗ್ತದ.

ಉಣಕಲ್_ಬಯೋಮೆಡ್
ಸರಿಯಾಗಿ ಹೇಳಿದ್ರಿ ಸರ್. ಪೇಟೆ ವಿಚಾರಿಸೋದು ತಪ್ಪಲ್ಲ, ಮುಚ್ಚಿಟ್ಟು ವಿಚಾರಿಸೋದು ತಪ್ಪು. ಸಲಹೆಗಾರರ ಕಡೆ ಒಂದು ತಖ್ತೆ ಕೇಳ್ರಿ: ಎಡಕ್ಕ ಸ್ಪೆಸಿಫಿಕೇಶನ್‌ನ ಪ್ರತಿ ಸಾಲು, ಬಲಕ್ಕ ಆ ಸಾಲು ಪೂರೈಸೋ ಕನಿಷ್ಠ ಮೂರು ತಯಾರಕರ ಮಾಡೆಲ್. ಮೂರು ಸಿಗದಿದ್ರ ಆ ಸಾಲು ಯಾಕ ಬೇಕು ಅಂತ ವೈದ್ಯಕೀಯ ಕಾರಣ ಅಲ್ಲೇ ಬರೀಬೇಕು. ಯಾವ ವಿತರಕರ ಜತಿಗೆ ಯಾವ ತಾರೀಖಿಗೆ ಮಾತಾಡಿದ್ರು ಅನ್ನೋದೂ ಕೆಳಗ ಇರಲಿ. ಈ ತಖ್ತೆ ಮತ್ತ ಘೋಷಣೆ ಪತ್ರ ಎರಡನ್ನೂ ಪಕ್ಕದಾಗ ಇಟ್ಟು ಓದಿದ್ರ ಸಂಬಂಧ ಎಲ್ಲಿ ಕೆಲಸ ಮಾಡ್ಯದ ಅಂತ ತಿಳೀತದ. ಘೋಷಣೆ ಒಂದನ್ನ ಓದಿದ್ರ ಏನೂ ತಿಳಿಯಂಗಿಲ್ಲ.

ಹಾನಗಲ್ಲ_ಸದಸ್ಯ
ಒಂದು ಪ್ರಶ್ನೆ. ಸಲಹೆಗಾರರು ಸಂಭಾವನೆ ಬ್ಯಾಡ, ಸೇವಾ ಮನೋಭಾವದಿಂದ ಬರ್ತೀನಿ ಅಂದ್ರ ಅವರಿಗೂ ಇಷ್ಟೆಲ್ಲಾ ಫಾರ್ಮ್ ತುಂಬಿಸೋದು ಮರ್ಯಾದಿ ಅನಿಸ್ತದೇನ್ರಿ?

ಬೆಟಗೇರಿ_ಲೆಕ್ಕಿಗ
ಅವರಿಗೇ ಮೊದಲು ಕೊಡ್ರಿ. ಓಡಾಟ, ವರದಿ, ವಾರಗಟ್ಟಲೆ ಸಮಯ, ಇದರ ಖರ್ಚು ಯಾರೋ ಭರಿಸ್ತಿರ್ತಾರ. ಸ್ವಂತ ಕೈಯಿಂದ ಆದ್ರ ದೊಡ್ಡ ಮನಸ್ಸು, ಹಂಗ ಬರೆದುಕೊಡಲಿ. ಬ್ಯಾರೆಯವ್ರು ಕೊಡ್ತಾರಂದ್ರ ಅವರ ಹೆಸರು ಬರಲಿ. ಪುಕ್ಕಟೆ ಸಲಹೆಗೆ ಕರಾರು ಇರಂಗಿಲ್ಲ, ಕರಾರು ಇಲ್ಲಂದ್ರ ವಕೀಲ್ರು ಹೇಳಿದ ಮಾತಾಡೋ ಕರ್ತವ್ಯನೂ ಇರಂಗಿಲ್ಲ. ಒಂದು ರೂಪಾಯಿ ಸಂಭಾವನೆ ಇಟ್ಟಾದ್ರೂ ಕರಾರು ಮಾಡ್ಕೋರಿ.

ರಾಣೆಬೆನ್ನೂರು_ಲ್ಯಾಬ್
ಮತ್ತ ಸಮಿತಿ ಸದಸ್ಯರದ್ದು? ಸದಸ್ಯರ ಮನೆಯವ್ರದ್ದೇ ಆಸ್ಪತ್ರೆ ಎದುರಿಗೆ ಖಾಸಗಿ ಲ್ಯಾಬ್ ಇದ್ರ, ಸರ್ಕಾರಿ ಲ್ಯಾಬ್ ಸುಧಾರಿಸದ ಇರೋದ ಅವರಿಗೆ ಲಾಭ. ಈ ದಿಕ್ಕಿನ ಹಿತಾಸಕ್ತಿ ಯಾರೂ ಲೆಕ್ಕಕ್ಕ ತಗೊಳ್ಳಂಗಿಲ್ಲ. ಟೆಸ್ಟ್ ಪಟ್ಟಿಯೊಳಗಿಂದ ಥೈರಾಯ್ಡ್, ಸಕ್ಕರೆ ಕಾಯಿಲೆಯ ಎಚ್‌ಬಿಎ1ಸಿ ತೆಗೀರಿ, ಖರ್ಚು ಜಾಸ್ತಿ ಅಂತ ಹೇಳಾವ್ರು ಯಾರು ಅಂತ ಒಮ್ಮಿ ನೋಡ್ರಿ. ರೋಗಿ ಹೊರಗ ಹೋಗಿ ರೊಕ್ಕ ಕೊಟ್ಟು ಮಾಡಿಸ್ಬೇಕಾಗ್ತದ.

ಮಾಹಿತಿ_ಹಕ್ಕು_ಗದಗ
ರಾಣೆಬೆನ್ನೂರು ಅಕ್ಕಾರು ಹೇಳಿದ್ದು ಈ ಚರ್ಚಾದೊಳಗ ಎಲ್ಲಕ್ಕಿಂತ ಮುಖ್ಯ. ಅದೇ ಫಾರ್ಮ್ ಸದಸ್ಯರಿಗೂ ಕೊಡ್ರಿ.

ಸಪ್ತಾಪುರ_ವಕೀಲ
ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2017ರ ಜೂನ್‌ನಿಂದ ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಹಣದ ಹಿತಾಸಕ್ತಿ, ಹಣವಿಲ್ಲದ ವೃತ್ತಿ ಹಿತಾಸಕ್ತಿ, ಹಣವಿಲ್ಲದ ವೈಯಕ್ತಿಕ ಹಿತಾಸಕ್ತಿ, ಮತ್ತು ಹತ್ತಿರದವರ ಮೂಲಕ ಬರುವ ಪರೋಕ್ಷ ಹಿತಾಸಕ್ತಿ. ಹೊಸದೇನಾದರೂ ಹುಟ್ಟಿದರೆ 28 ದಿನದೊಳಗೆ ತಿಳಿಸಬೇಕು. ರಾಣೆಬೆನ್ನೂರಿನ ಉದಾಹರಣೆ ನಾಲ್ಕನೆಯದು. ವಿಶ್ವ ಆರೋಗ್ಯ ಸಂಸ್ಥೆ ತನ್ನ ತಜ್ಞರಿಂದ ಹಿಂದಿನ 4 ವರ್ಷದ ಉದ್ಯೋಗ ಮತ್ತು ಸಲಹಾ ಕೆಲಸದ ವಿವರ ಕೇಳುತ್ತದೆ. ಇವೆರಡನ್ನೂ ನೋಡಿಕೊಂಡು ತಾಲೂಕಿಗೆ ಸಾಕಾಗುವಂತೆ ಒಂದು ಒಕ್ಕಣೆ ಬರೆದಿದ್ದೇನೆ. ತಿದ್ದಿಕೊಳ್ಳಿ:

"ಈ ದಿನಾಂಕಕ್ಕೆ ಹಿಂದಿನ 4 ವರ್ಷಗಳಲ್ಲಿ ವೈದ್ಯಕೀಯ ಉಪಕರಣ, ರೀಏಜೆಂಟ್, ಔಷಧ ತಯಾರಿಸುವ, ಮಾರುವ ಅಥವಾ ವಿತರಿಸುವ, ಅಥವಾ ಲ್ಯಾಬ್ ನಡೆಸುವ ಯಾವುದೇ ಸಂಸ್ಥೆಯಿಂದ ನಾನು, ನನ್ನ ಗಂಡ/ಹೆಂಡತಿ, ಮಕ್ಕಳು, ತಂದೆ ತಾಯಿ, ಒಡಹುಟ್ಟಿದವರು ಅಥವಾ ನನ್ನ ಪಾಲುದಾರಿಕೆ ಸಂಸ್ಥೆ ಪಡೆದ ಸಂಬಳ, ಸಲಹಾ ಶುಲ್ಕ, ಉಪನ್ಯಾಸ ಶುಲ್ಕ, ಪ್ರಯಾಣ ಮತ್ತು ವಸತಿ ವೆಚ್ಚ, ಸಂಶೋಧನಾ ನೆರವು, ಕಮಿಷನ್, ಷೇರು ಅಥವಾ ಪಾಲುಗಾರಿಕೆಯ ವಿವರ ಕೆಳಗಿದೆ. ಸಂಸ್ಥೆಯ ಹೆಸರು, ಕೆಲಸದ ಸ್ವರೂಪ, ಆರಂಭ ಮತ್ತು ಮುಕ್ತಾಯದ ತಿಂಗಳು, ಮೊತ್ತದ ವರ್ಗ ನಮೂದಿಸಿದ್ದೇನೆ. ಯಾವುದೂ ಇಲ್ಲದ ಕಡೆ 'ಇಲ್ಲ' ಎಂದು ಪ್ರತ್ಯೇಕವಾಗಿ ಬರೆದಿದ್ದೇನೆ. ಬದಲಾವಣೆ ಆದಲ್ಲಿ 7 ದಿನದೊಳಗೆ ಲಿಖಿತವಾಗಿ ತಿಳಿಸುತ್ತೇನೆ. ಈ ಘೋಷಣೆಯನ್ನು ಸಾರ್ವಜನಿಕವಾಗಿ ಪ್ರಕಟಿಸಲು ನನ್ನ ಒಪ್ಪಿಗೆ ಇದೆ. ತಪ್ಪು ಮಾಹಿತಿ ಅಥವಾ ಮುಚ್ಚಿಟ್ಟ ಮಾಹಿತಿ ಕಂಡುಬಂದಲ್ಲಿ ಕರಾರು ರದ್ದು ಮಾಡುವ ಮತ್ತು ಪಾವತಿಸಿದ ಶುಲ್ಕ ವಾಪಸ್ ಪಡೆಯುವ ಹಕ್ಕು ಸಮಿತಿಗಿದೆ."

ಮೊತ್ತದ ವರ್ಗವೆಂದರೆ 25,000ದವರೆಗೆ, 25,000ದಿಂದ 1 ಲಕ್ಷ, 1ರಿಂದ 5 ಲಕ್ಷ, 5 ಲಕ್ಷಕ್ಕೆ ಮೇಲೆ ಎಂದು ನಾಲ್ಕು ಸಾಕು. ಪೈಸೆ ಲೆಕ್ಕ ಬೇಡ, ಪ್ಯಾನ್ ಸಂಖ್ಯೆ ಬೇಡ. ಸಂಬಂಧಿಕರ ಹೆಸರು ಪ್ರಕಟಣೆಯಲ್ಲಿ ಬೇಡ, "ಹೆಂಡತಿ" ಅಥವಾ "ಅಣ್ಣ" ಎಂದಿದ್ದರೆ ಆಯಿತು. ಸಮಿತಿ ಸದಸ್ಯರಿಗೆ ಕೊಡುವಾಗ ಕೊನೆಯ ಸಾಲು ತೆಗೆಯಿರಿ, ಅದು ಸಲಹೆಗಾರರ ಕರಾರಿಗೆ ಮಾತ್ರ.

ಮಾಹಿತಿ_ಹಕ್ಕು_ಗದಗ
ಒಪ್ಪಿಗೆ ಸಾಲು ಯಾಕ ಬೇಕು ಅಂತ ಎಲ್ಲಾರಿಗೂ ತಿಳೀಲಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 2023ರ ಮೂಲಕ ಮಾಹಿತಿ ಹಕ್ಕು ಕಾಯ್ದೆಯೊಳಗ ವೈಯಕ್ತಿಕ ಮಾಹಿತಿ ಕುರಿತ 8(1)(ಜೆ) ತಿದ್ದುಪಡಿ ಆಗ್ಯದ. 2025ರ ನವೆಂಬರಿನಿಂದ ಜಾರಿಯೊಳಗ ಅದ. ವೈಯಕ್ತಿಕ ಮಾಹಿತಿ ಅನ್ನೋ ಒಂದೇ ಕಾರಣಕ್ಕ ಅರ್ಜಿ ತಿರಸ್ಕರಿಸೋದು ಈಗ ಸುಲಭ. 8(2) ಇನ್ನೂ ಉಳಿದದ, ಸಾರ್ವಜನಿಕ ಹಿತ ದೊಡ್ಡದಿದ್ರ ಕೊಡಬಹುದು ಅಂತ. ಆದ್ರ ಅದಕ್ಕ ಮೇಲ್ಮನವಿ ತನಕ ಅಲೆಯಬೇಕಾಗ್ತದ. ಮೊದಲ ಒಪ್ಪಿಗೆ ತಗೊಂಡಿದ್ರ ಆ ತಂಟೆನ ಇಲ್ಲ.

ಇನ್ನ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕೆಳಗ ಎಂಟನೇ ಬಾಬು ಓದ್ರಿ. ಸಲಹೆಗಾಗಿ ರಚಿಸಿದ ಸಮಿತಿ, ಮಂಡಳಿಗಳ ವಿವರ, ಅವುಗಳ ಸಭೆ ನಡಾವಳಿ ಜನರಿಗೆ ಸಿಗ್ತದೋ ಇಲ್ಲೋ ಅನ್ನೋದನ್ನ ಯಾರೂ ಕೇಳದೇನ ಪ್ರಕಟಿಸಬೇಕು. ಬ್ಯಾರೆ ತಾಲೂಕಿನವ್ರು ಕೇಳೋದಿದ್ರ 10 ರೂಪಾಯಿ ಶುಲ್ಕ, 150 ಶಬ್ದದೊಳಗ, ಒಂದೇ ವಿಷಯ. "ಸಲಹೆಗಾರರ ನೇಮಕಾತಿ ಆದೇಶ, ಹಿತಾಸಕ್ತಿ ಘೋಷಣೆ, ಅದರ ಮೇಲೆ ಸಮಿತಿ ಕೈಗೊಂಡ ನಿರ್ಣಯದ ನಡಾವಳಿ" ಅಂತ ಬರೀರಿ. ಸ್ಪೆಸಿಫಿಕೇಶನ್, ಬಿಲ್ಲು, ದರಪಟ್ಟಿ ಎಲ್ಲಾ ಅದೇ ಅರ್ಜಿಯೊಳಗ ತುರುಕಿದ್ರ "ಒಂದಕ್ಕಿಂತ ಹೆಚ್ಚು ವಿಷಯ" ಅಂತ ವಾಪಸ್ ಬರ್ತದ.

ಕೇಶ್ವಾಪುರ_ಡಾಕ್ಟ್ರು
ಮೊತ್ತದ ವರ್ಗ ಇಟ್ಟಿದ್ದು ಒಳ್ಳೆಯದು. ಇದಕ್ಕೆ ಸಹಿ ಮಾಡಲು ಬಹಳ ವೈದ್ಯರು ಹಿಂಜರಿಯುವುದಿಲ್ಲ ಅನ್ನಿಸುತ್ತದೆ. ಆದರೆ ಘೋಷಣೆ ಬಂದ ಮೇಲೆ ಏನು? ಉಪನ್ಯಾಸಕ್ಕೆ 10,000 ತೆಗೆದುಕೊಂಡವರಿಗೂ, ವಿತರಣೆ ಸಂಸ್ಥೆಯಲ್ಲಿ ಪಾಲಿರುವವರಿಗೂ ಒಂದೇ ನ್ಯಾಯ ಆಗಬಾರದು. ಅದನ್ನು ಮೊದಲೇ ಬರೆದಿಡಿ, ಹೆಸರು ಬಂದ ಮೇಲೆ ಮನುಷ್ಯನನ್ನು ನೋಡಿ ನಿರ್ಧರಿಸಬೇಡಿ.

ಉಣಕಲ್_ಬಯೋಮೆಡ್
ಇದು ಸರಿಯಾದ ಮಾತು. ನಾಲ್ಕು ಮೆಟ್ಟಿಲು ಇಡ್ರಿ. ಸಣ್ಣದು, ಹಳೇದು ಆದ್ರ ನಡಾವಳಿಯೊಳಗ ದಾಖಲಿಸಿ ಮುಂದ ಹೋಗೋದು. ಅದೇ ಬಗೆಯ ಮಷಿನ್ ಮಾಡೋ ಕಂಪನಿಯ ಸಂಬಂಧ ಆದ್ರ ಮಾಹಿತಿ ಕೊಡಬಹುದು, ಶಿಫಾರಸು ಬರೆಯೋ ಹಂಗಿಲ್ಲ. ಈಗಲೂ ಸಂಭಾವನೆ ಬರ್ತಿದ್ರ ಆ ಮಷಿನ್ ಚರ್ಚಾಕ್ಕ ಕೋಣಿಯಿಂದ ಹೊರಗ. ಪಾಲು, ಕಮಿಷನ್ ಅಥವಾ ಮನೆಯವ್ರ ವಿತರಣೆ ಇದ್ರ ನೇಮಕನ ಬ್ಯಾಡ. ಮಷಿನ್ ಮಷಿನ್‌ಗೆ ಬ್ಯಾರೆ ನೋಡ್ರಿ. ಸೆಲ್ ಕೌಂಟರ್ ಕಂಪನಿ ಸಂಬಂಧ ಇದ್ದವ್ರು ಸೆಂಟ್ರಿಫ್ಯೂಜ್, ಮೈಕ್ರೋಸ್ಕೋಪ್ ಬಗ್ಗೆ ಬರೆಯಾಕ ಅಡ್ಡಿಯಿಲ್ಲ.

ಬೆಟಗೇರಿ_ಲೆಕ್ಕಿಗ
ನಡಾವಳಿಯೊಳಗ ಬರೆಯೋ ರೀತಿ ಬಹಳ ಮುಖ್ಯ. "ಘೋಷಣೆ ಸ್ವೀಕರಿಸಲಾಯಿತು" ಅಂದ್ರ ಲೆಕ್ಕ ತಪಾಸಣೆಯವ್ರಿಗೆ ಏನೂ ತಿಳಿಯಂಗಿಲ್ಲ. ಹಿಂಗ ಬರೀರಿ: "ವಿಷಯ 3, ಸೆಲ್ ಕೌಂಟರ್. ಸಲಹೆಗಾರರ ಘೋಷಣೆಯ 2ನೇ ಸಾಲು ಓದಲಾಯಿತು. ಸಮಿತಿಯು ಇದನ್ನು ಮೂರನೇ ಮೆಟ್ಟಿಲು ಎಂದು ನಿರ್ಣಯಿಸಿತು. ಬೆಳಿಗ್ಗೆ 11.40ಕ್ಕೆ ಹೊರಗೆ ಹೋದರು, 12.15ಕ್ಕೆ ಮರಳಿದರು." ಹೋದ ಹೊತ್ತು, ಬಂದ ಹೊತ್ತು ಎರಡೂ ಇರಬೇಕು. ಬಾಗಿಲ ಬಳಿ ನಿಂತು ಫೋನಿನಾಗ ಮಾತಾಡಿದ್ರ ಹೊರಗ ಹೋದಂಗಲ್ಲ.

ದುರ್ಗದಬೈಲ್_ಸರ್ಜಿಕಲ್ಸ್
ಕೆಲಸ ಮುಗಿದ ಮ್ಯಾಲ ಅದೇ ಕಂಪನಿಗೆ ಸೇರಿಬಿಟ್ರ? ಅದೂ ಆಗ್ತದ. ಮಷಿನ್ ಬಂದು ಕೂಡೋದ್ರಾಗ ಸಲಹೆಗಾರರ ವಿಸಿಟಿಂಗ್ ಕಾರ್ಡ್ ಬದಲಾಗಿರ್ತದ.

ಮಾಳಮಡ್ಡಿ
"2 ವರ್ಷ ಸೇರಬಾರದು" ಅಂತ ಕರಾರಿನಾಗ ಹಾಕಿದ್ರಾತು.

ಸಪ್ತಾಪುರ_ವಕೀಲ
ಅದು ನಿಲ್ಲುವುದು ಕಷ್ಟ. ಕರಾರು ಅಧಿನಿಯಮದ 27ನೇ ಕಲಮಿನಂತೆ ವೃತ್ತಿ ಮಾಡದಂತೆ ಕಟ್ಟಿಹಾಕುವ ಷರತ್ತು ಅನೂರ್ಜಿತ. ಕರಾರು ಮುಗಿದ ನಂತರದ ನಿರ್ಬಂಧವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಎರಡು ದಾರಿ ಇವೆ. ಸಲಹೆಗಾರರ ಕರಾರಿನ ಅವಧಿಯನ್ನೇ ಮಷಿನ್ ಅಳವಡಿಕೆ ಮತ್ತು ಸ್ವೀಕಾರ ಪ್ರಮಾಣಪತ್ರದವರೆಗೆ ಇಟ್ಟು, ಶುಲ್ಕದ ಕೊನೆಯ ಕಂತನ್ನು ಅಲ್ಲಿಗೆ ಜೋಡಿಸಿ. ಎರಡನೆಯದಾಗಿ, ಷರತ್ತನ್ನು ಟೆಂಡರ್ ದಾಖಲೆಯಲ್ಲಿ ಪೂರೈಕೆದಾರರ ಮೇಲೆ ಹಾಕಿ: ಈ ಸ್ಪೆಸಿಫಿಕೇಶನ್ ಬರೆದವರನ್ನು ಟೆಂಡರ್ ಹಾಕುವಾಗ ಕೆಲಸಕ್ಕಿಟ್ಟುಕೊಂಡಿದ್ದರೆ ಅಥವಾ ಅವರಿಗೆ ಹಣ ಕೊಟ್ಟಿದ್ದರೆ ಆ ಪೂರೈಕೆದಾರರ ಟೆಂಡರ್ ತಿರಸ್ಕೃತ. ಇದು ಯಾರ ವೃತ್ತಿಯನ್ನೂ ತಡೆಯುವುದಿಲ್ಲ.

ಹಾನಗಲ್ಲ_ಸದಸ್ಯ
ಭ್ರಷ್ಟಾಚಾರ ತಡೆ ಕಾಯ್ದೆ ಅದಲ್ರಿ, ಲೋಕಾಯುಕ್ತಕ್ಕ ಕೊಟ್ರಾತು. ಇಷ್ಟೆಲ್ಲಾ ಯಾಕ?

ಸಪ್ತಾಪುರ_ವಕೀಲ
ಹೊರಗಿನ ಸಲಹೆಗಾರರು 1988ರ ಕಾಯ್ದೆಯ 2(ಸಿ) ಪ್ರಕಾರ ಸಾರ್ವಜನಿಕ ನೌಕರರೇ ಎಂಬುದು ಅವರು ಮಾಡುವ ಕೆಲಸದ ಮೇಲೆ ನಿಂತಿರುತ್ತದೆ. ಸಾರ್ವಜನಿಕ ಕರ್ತವ್ಯ ಮಾಡುವ ಹುದ್ದೆಯಾಗಿದ್ದರೆ ಹೌದು. 2020ರಲ್ಲಿ ಸುಪ್ರೀಂ ಕೋರ್ಟ್ ಡೀಮ್ಡ್ ವಿಶ್ವವಿದ್ಯಾಲಯದ ಟ್ರಸ್ಟಿಯನ್ನೂ ಆ ವ್ಯಾಖ್ಯೆಯೊಳಗೆ ತಂದಿತು. ಆದರೆ ಆ ವಾದ ಗೆಲ್ಲಲು ವರ್ಷಗಟ್ಟಲೆ ಬೇಕು, ಅಷ್ಟರಲ್ಲಿ ಮಷಿನ್ ಆಯುಷ್ಯವೇ ಮುಗಿದಿರುತ್ತದೆ. ಫಾರ್ಮ್ ಒಂದು ವಾರದ ಕೆಲಸ.

ವರದಾ_ತೀರ
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಕರಡು ಬದಲಿಸ್ತೀವಿ. ಮೂರು ಸಂಶಯ ಉಳಿದಾವ. ಒಂದು, ವ್ಯಕ್ತಿ ಬದಲಿಗೆ ಸಂಸ್ಥೆ ಬಂದ್ರ ಯಾರ ಸಹಿ? ಎರಡು, ಹಳೇ ಕಂಪನಿ ಜತಿಗೆ ಗೋಪ್ಯತಾ ಕರಾರು ಅದ, ಹೆಸರು ಹೇಳಂಗಿಲ್ಲ ಅಂದ್ರ? ಮೂರು, ಫಾರ್ಮ್ ಯಾವಾಗ ತಗೊಳ್ಳೋದು?

ಸಪ್ತಾಪುರ_ವಕೀಲ
ಸಂಸ್ಥೆಯದ್ದೂ ಬೇಕು, ನಿಮ್ಮ ಕೆಲಸಕ್ಕೆ ಬರುವ ಪ್ರತಿ ವ್ಯಕ್ತಿಯದ್ದೂ ಬೇಕು. ನಡುವೆ ಮಂದಿ ಬದಲಾದರೆ ಹೊಸಬರ ಘೋಷಣೆ ಬರುವವರೆಗೆ ಅವರಿಗೆ ಕಡತ ಕೊಡಬೇಡಿ. ಉಪಗುತ್ತಿಗೆ ಇದ್ದರೆ ಅವರದ್ದೂ ಬೇಕು. ಗೋಪ್ಯತಾ ಕರಾರು ಇದ್ದರೆ ಅವರು ಅದನ್ನು ಮುರಿಯಬೇಕಿಲ್ಲ. ಯಾವ ಉಪಕರಣದ ಕಂಪನಿ ಎಂದಷ್ಟೇ ಹೇಳಲಿ, ಆ ಉಪಕರಣಕ್ಕೆ ನೀವು ಬೇರೆಯವರನ್ನು ಕೇಳಿ.

ಬೆಟಗೇರಿ_ಲೆಕ್ಕಿಗ
ಮೂರು ಸಲ ತಗೋರಿ. ನೇಮಕಾತಿ ಆದೇಶಕ್ಕ ಮೊದಲು ಒಮ್ಮಿ. ಸ್ಪೆಸಿಫಿಕೇಶನ್ ಅಂತಿಮ ಮಾಡೋ ಸಭೆಯಾಗ ಇನ್ನೊಮ್ಮಿ. ಟೆಂಡರ್ ತೆರೆದು ಯಾರ‍್ಯಾರು ಹಾಕ್ಯಾರ ಅಂತ ಗೊತ್ತಾದ ದಿನ ಮತ್ತೊಮ್ಮಿ. ಈ ಮೂರನೇದು ಎಲ್ಲಾರೂ ಮರೀತಾರ. ಕಂಪನಿ ಹೆಸರು ಗೊತ್ತಿದ್ರೂ ಅದರ ವಿತರಕರು ಯಾರು ಅಂತ ಅವತ್ತೇ ತಿಳಿಯೋದು, ಸಂಬಂಧ ಇರೋದು ಬಹಳ ಮಟ್ಟಿಗೆ ವಿತರಕರ ಜತಿಗೆ. ಆ ದಿನ ತಾರೀಖು ಹಾಕಿಸಿ ಸಹಿ ತಗೋರಿ, ಹಳೇ ಫಾರ್ಮಿನ ಜೆರಾಕ್ಸ್ ನಡೆಯಂಗಿಲ್ಲ.

ರಾಣೆಬೆನ್ನೂರು_ಲ್ಯಾಬ್
ಫಾರ್ಮ್ ಸಭೆ ನೋಟಿಸಿನ ಜತಿಗೇ ಕಳಿಸ್ರಿ, ಅಜೆಂಡಾದೊಳಗ ಮೊದಲನೇ ವಿಷಯ ಅದೇ ಇರಲಿ. ಸಭೆಯೊಳಗ ಕೈಗೆ ಕೊಟ್ರ ಚಹಾ ಬರೋದ್ರಾಗ ಎಲ್ಲಾರೂ ಓದದನ ಸಹಿ ಮಾಡಿ ಕೊಟ್ಟಿರ್ತಾರ.